ಓಲೆಯೊಡನೆ ಓದುಗನೂ ಉಳಿಯಬೇಕು

ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ 50 ವರ್ಷ ತುಂಬಿದುದರ ಸ್ಮಾರಕವಾಗಿ ಮೈಸೂರಿನಲ್ಲಿ ಎದ್ದುನಿಂತ ಜೂಬಿಲಿ ಹಾಲಿನಲ್ಲಿ ನೆಲೆಗೊಂಡು, ಮನೆಯ ಅಟ್ಟಗಳಲ್ಲಿ ಹುಳು ಹಿಡಿದು ನಶಿಸಬಹುದಾಗಿದ್ದ ಎಷ್ಟೋ ಓಲೆಗರಿಯ ಕಟ್ಟುಗಳಿಗೆ ಆಸರೆಯಾದ ಪ್ರಾಚ್ಯಕೋಶಾಗಾರವು 1891ರಲ್ಲಿ ಹತ್ತನೆಯ ಚಾಮರಾಜ ಒಡೆಯರ ವಿದ್ಯಾಭಿಮಾನದಿಂದ ಹುಟ್ಟಿದ ಸಂಸ್ಥೆ. ಆದರೆ ಅದರ ಕೀರ್ತಿಗೆ ಕಾರಣವಾದುದು ಸಂಗ್ರಹವೊಂದೇ ಅಲ್ಲ. ಸಂಗ್ರಹಿಸಿದುದನ್ನು ಬಿಚ್ಚಿ ಓದಬಲ್ಲ ವಿದ್ವಾಂಸರು ಅಲ್ಲಿದ್ದರೆಂಬುದೇ ಅದರ ಭಾಗ್ಯವಾಯಿತು.

ದಂಡಿ, ಬಾಣರ ಕೃತಿಗಳಲ್ಲಿ ಉಲ್ಲೇಖಿತವಾಗಿದ್ದರೂ ಆಧುನಿಕ ವಿದ್ವಲ್ಲೋಕಕ್ಕೆ ಹೆಸರಿನಿಂದ ಮಾತ್ರ ಪರಿಚಿತವಾಗಿದ್ದ ಕೌಟಲ್ಯನ ಅರ್ಥಶಾಸ್ತ್ರದ ಪ್ರತಿಯೊಂದನ್ನು ತಂಜಾವೂರು ಸೀಮೆಯ ಪಂಡಿತರೊಬ್ಬರು ಈ ಕೋಶಾಗಾರಕ್ಕೆ ಒಪ್ಪಿಸಿದರು. ಗ್ರಂಥಲಿಪಿಯ ಆ ಓಲೆಗಳ ಮಹತ್ತ್ವವನ್ನು ಗ್ರಹಿಸಿ, 1905ರಲ್ಲಿ ಲೋಕಕ್ಕೆ ತಿಳಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದ ಮಹಾನುಭಾವರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. ಲಿಪಿಜ್ಞಾನ, ಶಾಸ್ತ್ರಜ್ಞಾನ, ತಾಳ್ಮೆ ಈ ಮೂರೂ ಅವರಲ್ಲಿ ಒಂದುಗೂಡದಿದ್ದಲ್ಲಿ, ಪ್ರಾಚೀನ ಭಾರತದ ರಾಜ್ಯತಂತ್ರವನ್ನು ಕುರಿತ ನಮ್ಮ ತಿಳಿವಳಿಕೆಯನ್ನೇ ಮಾರ್ಪಡಿಸಿದ ಆ ಗ್ರಂಥವು ಪಟ್ಟಿಯಲ್ಲಿ ಒಂದು ಸಂಖ್ಯೆಯಾಗಿ ಮಲಗಿರುತ್ತಿತ್ತು.

ಇಂದು ಓಲೆಗಳಿಗೆ ಎಣ್ಣೆ ಸವರಿ, ಮಾಸಿದ ಅಕ್ಷರಗಳಿಗೆ ಕಾಡಿಗೆ ತುಂಬಿ, ಒಂದೊಂದು ಗರಿಯ ಛಾಯಾಚಿತ್ರವನ್ನೂ ಗಣಕಯಂತ್ರದಲ್ಲಿ ಕಾಪಿಡುವ ಕಾರ್ಯವು ಶ್ಲಾಘನೀಯವೇ ಸರಿ. ಆದರೂ ಗ್ರಂಥ, ನಂದಿನಾಗರಿ, ತಿಗಳಾರಿ ಲಿಪಿಗಳನ್ನು ಓದಿ, ಪಾಠಾಂತರಗಳನ್ನು ತೂಗಿ, ಶುದ್ಧಪಾಠವನ್ನು ನಿರ್ಣಯಿಸಬಲ್ಲವರಿಲ್ಲದಿದ್ದರೆ ಚಿತ್ರವೂ ಓಲೆಯಷ್ಟೇ ಮೂಕವಾಗಿರುವುದು. ಓಲೆಗೆ ವೆಚ್ಚಮಾಡುವ ಸರ್ಕಾರವೂ ವಿಶ್ವವಿದ್ಯಾನಿಲಯಗಳೂ ಓದುಗನಿಗೂ ವೆಚ್ಚಮಾಡತಕ್ಕದ್ದು: ಪ್ರತಿ ಹಸ್ತಪ್ರತಿ ಭಂಡಾರದಲ್ಲಿಯೂ ತರುಣರು ವೃದ್ಧ ವಿದ್ವಾಂಸರ ಬಳಿ ಕುಳಿತು ವರ್ಷಗಟ್ಟಲೆ ಲಿಪಿಯನ್ನೂ ಗ್ರಂಥಸಂಪಾದನೆಯನ್ನೂ ಕಲಿಯುವಂತೆ ವೇತನವನ್ನೂ, ಕಲಿತಮೇಲೆ ಸ್ಥಿರವಾದ ಉದ್ಯೋಗವನ್ನೂ ಕಲ್ಪಿಸತಕ್ಕದ್ದು.

ಹಿಂದಿನ ಲಿಪಿಕಾರರು ಪ್ರತಿಯ ಕೊನೆಯಲ್ಲಿ ಪುಸ್ತಕವೇ ಮಾತನಾಡುತ್ತಿರುವಂತೆ ಒಂದು ಬಿನ್ನಹವನ್ನು ಬರೆಯುವ ವಾಡಿಕೆಯಿತ್ತು: ನೀರಿನಿಂದ ಕಾಪಾಡಿರಿ, ಸಡಿಲಾದ ಕಟ್ಟಿನಿಂದ ಕಾಪಾಡಿರಿ, ಅರಿಯದವರ ಕೈಗೆ ಮಾತ್ರ ಕೊಡದಿರಿ ಎಂಬುದು ಅದರ ತಾತ್ಪರ್ಯ. ಮೊದಲೆರಡು ಕೋರಿಕೆಗಳನ್ನು ಅರಸರ ಕೋಶಾಗಾರವು ನಡೆಸಿಕೊಟ್ಟಿತು. ಮೂರನೆಯದು ನಮ್ಮ ಪಾಲಿಗೆ ಉಳಿದಿದೆ.