ಔಷಧದ ಅಲರ್ಜಿಗೂ ಲೆಕ್ಕವಿರಲಿ

ಆಯುರ್ವೇದ, ಯುನಾನಿ ಔಷಧಗಳ ಜಾಹೀರಾತಿಗೆ ಪೂರ್ವಾನುಮತಿ ಕಡ್ಡಾಯಗೊಳಿಸಿದ್ದ 170ನೇ ನಿಯಮವನ್ನು ಆಯುಷ್ ಸಚಿವಾಲಯ 2024ರಲ್ಲಿ ಕೈಬಿಟ್ಟಿತ್ತು. ಹಾಗೆ ಕೈಬಿಟ್ಟದ್ದಕ್ಕಿದ್ದ ತಡೆಯನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ತೆರವುಗೊಳಿಸಿದೆ. ಇದರ ಅಪಾಯಕ್ಕೊಂದು ಉದಾಹರಣೆ: ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರು, ಅಂದರೆ ಭಲ್ಲಾತಕ, ಶುದ್ಧಿಗೊಂಡ ಬಳಿಕ ಔಷಧವಾಗಿ ಬಳಕೆಯಲ್ಲಿದ್ದರೂ, ಅದರ ಕಪ್ಪು ಎಣ್ಣೆ ತಾಗಿದಲ್ಲಿ ಚರ್ಮ ಕೆಂಪೇರಿ ನೀರ್ಗುಳ್ಳೆಗಳೇಳುತ್ತವೆ. ದೇಹದ ರಕ್ಷಣಾ ವ್ಯವಸ್ಥೆ ಹೀಗೆ ಅತಿಯಾಗಿ ಪ್ರತಿಕ್ರಿಯಿಸುವುದೇ ಅಲರ್ಜಿ. ಕಾನೂನೇ ವಿಷದ್ರವ್ಯಗಳ ಪಟ್ಟಿಯಲ್ಲಿರಿಸಿ, ವೈದ್ಯರ ನಿಗಾದಲ್ಲಿ ಮಾತ್ರ ಸೇವಿಸಬೇಕೆಂದು ಲೇಬಲ್ಲಿನಲ್ಲಿ ಬರೆಸುವ ಇಂಥ ವಸ್ತುವಿನ ಅಪಾಯ, ಜಾಹೀರಾತನ್ನಷ್ಟೇ ನಂಬಿದವರಿಗೆ ತಿಳಿಯುವುದು ಮೈ ಸುಟ್ಟ ಮೇಲೆಯೇ.

ಪೂರ್ವಾನುಮತಿಯ ನಿಯಮ ಮರಳಬೇಕು. ಕಲಬುರಗಿಯ ಸೇಡಂ ರಸ್ತೆಯ ಇಎಸ್‌ಐಸಿ ವೈದ್ಯಕೀಯ ಕಾಲೇಜೂ ಸೇರಿದಂತೆ ಎಲ್ಲ ಆಸ್ಪತ್ರೆಗಳ ಚರ್ಮರೋಗ ವಿಭಾಗಗಳು, ರೋಗಿ ಬಳಸಿದ ನಾಟಿ ಔಷಧವನ್ನು ಗದರದೆ ಕೇಳಿ ಬರೆದುಕೊಂಡು, ದುಷ್ಪರಿಣಾಮಗಳನ್ನು ದಾಖಲಿಸುವ ಆಯುಷ್ ವ್ಯವಸ್ಥೆಗೆ ತಪ್ಪದೆ ವರದಿ ಮಾಡಬೇಕು.