ಬಾಯಿ ಮುಚ್ಚಿದ ಸಮಿತಿ, ಬಾಯಿಗೆ ಬಂದ ಸುದ್ದಿ

2023ರ ಮೇ 28ರಂದು ದೆಹಲಿಯಲ್ಲಿ ಹೊಸ ಸಂಸತ್ ಭವನದ ಉದ್ಘಾಟನೆ. ಜಂತರ್ ಮಂತರ್‌ನ ಧರಣಿಯಿಂದ ಅತ್ತ ಹೊರಟ ಕುಸ್ತಿಪಟುಗಳನ್ನು ಪೊಲೀಸರು ಎಳೆದು ಬಸ್ಸಿಗೆ ಹತ್ತಿಸಿದರು. ಬಸ್ಸಿನೊಳಗಿನ ಸೆಲ್ಫಿಯಲ್ಲಿ ವಿನೇಶ್ ಮತ್ತು ಸಂಗೀತಾ ಫೋಗಟ್ ಮುಖದಲ್ಲಿ ನಗು ಇರಲಿಲ್ಲ. ಮೊಬೈಲುಗಳಲ್ಲಿ ಹರಿದಾಡಿದ ಚಿತ್ರದಲ್ಲಿ ಇಬ್ಬರೂ ನಗುತ್ತಿದ್ದರು. ಯಾರೋ ತಿದ್ದಿದ್ದರು. ಅದು ನಕಲಿ ಎಂದು ಬಯಲಾಗುವ ಹೊತ್ತಿಗೆ ಹೋರಾಟವೇ ನಾಟಕ ಎಂಬ ಮಾತು ಊರೆಲ್ಲ ಸುತ್ತಿತ್ತು.

ಜೂನ್ 5ರಂದು ಇನ್ನೊಂದು ಸುದ್ದಿ: ಕುಸ್ತಿಪಟು ಸಾಕ್ಷಿ ಮಲಿಕ್ ಹೋರಾಟದಿಂದ ಹಿಂದೆ ಸರಿದರು ಎಂದು. ಅವರು ರೈಲ್ವೆ ಕೆಲಸಕ್ಕೆ ಮರಳಿದ್ದರು, ಅಷ್ಟೆ. ಹಿಂದೆ ಸರಿದಿಲ್ಲ ಎಂದು ಸ್ವತಃ ಅವರೇ ಸಾರಬೇಕಾಯಿತು.

ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎನ್ನುವವರಿದ್ದಾರೆ. ಆಡುತ್ತದೆ, ಮಾತಾಡಬೇಕಾದವರು ಬಾಯಿ ಮುಚ್ಚಿ ಕುಳಿತಾಗ. ಕುಸ್ತಿ ಫೆಡರೇಷನ್‌ನ ಆಗಿನ ಅಧ್ಯಕ್ಷ ಬ್ರಿಜ್ ಭೂಷಣ್ ಶರಣ್ ಸಿಂಗ್ ಮೇಲೆ ಲೈಂಗಿಕ ಕಿರುಕುಳದ ಆರೋಪ ಬಂದಿತ್ತು. ಅವರು ಅದನ್ನು ಅಲ್ಲಗಳೆದರು. ಕ್ರೀಡಾ ಸಚಿವಾಲಯ ಬಾಕ್ಸರ್ ಮೇರಿ ಕೋಮ್ ನೇತೃತ್ವದಲ್ಲಿ ಸಮಿತಿ ಮಾಡಿತು. ಆ ವರ್ಷದ ಏಪ್ರಿಲ್‌ನಲ್ಲಿ ವರದಿ ಸಲ್ಲಿಕೆಯಾಯಿತು, ಆದರೆ ಜನರ ಮುಂದೆ ಬರಲಿಲ್ಲ. ದೂರುದಾರರ ಗುಟ್ಟು ಕಾಯಬೇಕಿತ್ತು, ನಿಜ. ಹೆಸರು ಮರೆಮಾಡಿ ಉಳಿದದ್ದನ್ನು ಹೇಳಲು ಏನು ಅಡ್ಡಿಯಿತ್ತು?

ಇಂಥ ಮೌನದ ಬೆಲೆ ತೆತ್ತದ್ದು ತಂಡ. ಜುಲೈನಲ್ಲಿ, ಫೆಡರೇಷನ್ ನಡೆಸುತ್ತಿದ್ದ ಭಾರತೀಯ ಒಲಿಂಪಿಕ್ ಸಂಸ್ಥೆಯ ತಾತ್ಕಾಲಿಕ ಸಮಿತಿ, ಹೋರಾಟದ ಮುಂಚೂಣಿಯಲ್ಲಿದ್ದ ವಿನೇಶ್ ಮತ್ತು ಬಜರಂಗ್ ಪೂನಿಯಾಗೆ ಏಷ್ಯನ್ ಗೇಮ್ಸ್ ಆಯ್ಕೆ ಟ್ರಯಲ್ಸ್‌ನಿಂದ ವಿನಾಯಿತಿ ಕೊಟ್ಟಿತು. 53 ಕೆ.ಜಿ. ವಿಭಾಗದ ಅಂತಿಮ್ ಪಂಘಾಲ್, ತನಗೇಕೆ ಅವಕಾಶವಿಲ್ಲ ಎಂದು ವಿಡಿಯೊದಲ್ಲಿ ಕೇಳಿದಳು. ಇನ್ನೊಬ್ಬ ಕುಸ್ತಿಪಟು ಸುಜೀತ್ ಕಲ್ಕಲ್ ಜೊತೆ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದಳು. ಜುಲೈ 22ರಂದು ಅರ್ಜಿ ವಜಾ ಆಯಿತು. ವಿನೇಶ್, ಬಜರಂಗ್ ಕೂಡ ಜಾಲತಾಣದಲ್ಲೇ ಉತ್ತರಿಸಿದರು. ಒಂದೇ ಅಖಾಡದ ಮಣ್ಣು ಮೆತ್ತಿಕೊಂಡವರು ದೇಶದ ಮುಂದೆ ನಿಂತು ಒಬ್ಬರಿಗೊಬ್ಬರು ಸಮಜಾಯಿಷಿ ಕೊಡಬೇಕಾಯಿತು. ಕೊನೆಗೆ ವಿನೇಶ್ ಮಂಡಿ ಗಾಯದಿಂದ ಹೊರಗುಳಿದರು. ಗೇಮ್ಸ್ ನಡೆದ ಹ್ಯಾಂಗ್‌ಝೌಗೆ ಹೋದ ಅಂತಿಮ್ ಕಂಚು ಗೆದ್ದಳು.

ವಿನಾಯಿತಿ ಸರಿಯೋ ತಪ್ಪೋ, ವಾದ ಮಾಡಬಹುದು. ಕಾರಣವನ್ನು ಸ್ಪಷ್ಟವಾಗಿ ಬರೆದು, ಎದುರಾಳಿಯನ್ನೂ ಕೂರಿಸಿಕೊಂಡು ಮೊದಲೇ ಹೇಳದಿದ್ದದ್ದು ಮಾತ್ರ ತಪ್ಪೇ. ತರಬೇತುದಾರ ಹೇಳದ್ದನ್ನು ವಾಟ್ಸಾಪ್ ಹೇಳುತ್ತದೆ. ಆಮೇಲೆ ಜೊತೆಗಾರ್ತಿಯ ನಮಸ್ಕಾರದಲ್ಲೂ ಸಂಚು ಕಾಣುತ್ತದೆ. ಅಂಥ ಶಿಬಿರದಲ್ಲಿ ಪಟ್ಟು ಹೇಳಿಕೊಡುವವರಾರು, ಕಲಿಯುವವರಾರು?

ಸುಳ್ಳು ಚಿತ್ರ ಹರಡಿದವರನ್ನು ಶಿಕ್ಷಿಸಿ, ಬೇಡ ಎನ್ನುವುದಿಲ್ಲ. ಆದರೆ ಅಷ್ಟಕ್ಕೇ ನಿಂತರೆ ಸಾಲದು. ಆಯ್ಕೆಯ ಪ್ರತಿ ನಿರ್ಧಾರವನ್ನೂ ಕಾರಣಸಹಿತ, ಅದೇ ದಿನ ಪ್ರಕಟಿಸಿ. ವಿಚಾರಣೆಗೆ ಗಡುವು ಹಾಕಿ, ಫಲಿತಾಂಶ ಹೇಳಿ. ಅದನ್ನು ಮಾಡಲಾಗದ ಫೆಡರೇಷನ್‌ಗೆ ವದಂತಿಯನ್ನು ದೂರುವ ಹಕ್ಕಿಲ್ಲ.