ಕುರಿ ಕೂಗಲ್ಲ, ಹಾಗಂತ ನೋವಿಲ್ಲ ಅಂತಲ್ಲ

ಶಿಡ್ಲಘಟ್ಟ, ಚಿಂತಾಮಣಿ ಕಡೆ ಯಾವುದಾದರೂ ರೇಷ್ಮೆ ಮನೆಗೆ ಹೋಗಿ. ಹುಳು ಜ್ವರಕ್ಕೆ ಕೂತಿದೆಯಾ, ಎದ್ದಿದೆಯಾ ಅಂತ ನೋಡಿದ ಕೂಡಲೇ ಹೇಳ್ತಾರೆ. ಅದೇ ಮನೆಯ ಕುರಿ ಮೂರು ದಿನದಿಂದ ಕುಂಟುತ್ತಿದ್ದರೆ, "ಮುಳ್ಳು ಚುಚ್ಚಿರಬೇಕು, ಸರಿಹೋಗುತ್ತೆ ಬಿಡು" ಅಂತಾರೆ. ಹುಳುವಿನ ಮೇಲಿರುವ ಕಣ್ಣು ಕುರಿಯ ಮೇಲೂ ಇರಬೇಕು ಅನ್ನೋದು ನನ್ನ ವಾದ.

ನೋವು ತೋರಿಸಿದ ಕುರಿಯನ್ನೇ ತೋಳ, ನಾಯಿ ಮೊದಲು ಹಿಡಿಯೋದು. ಅದಕ್ಕೇ ಕುರಿ ನೋವನ್ನು ಮುಚ್ಚಿಡುತ್ತೆ. ಆದರೆ ಮುಖ ಹೇಳಿಬಿಡುತ್ತೆ. ಗೊರಸು ಕೊಳೆತ, ಕೆಚ್ಚಲು ಬಾವು ಬಂದ ಕುರಿಗಳನ್ನು ನೋಡಿ ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಗುರುತುಗಳನ್ನು ಪಟ್ಟಿ ಮಾಡಿದರು: ಕಣ್ಣು ಕಿರಿದಾಗುತ್ತೆ, ಕೆನ್ನೆ ಬಿಗಿಯುತ್ತೆ, ಕಿವಿ ಮಡಚುತ್ತೆ, ಮೂಗಿನ ಹೊಳ್ಳೆಯ ಆಕಾರ ಬದಲಾಗುತ್ತೆ. ನಮ್ಮ ನಾಟಿ ಕುರಿಗಳ ಕಿವಿ ಮೊದಲೇ ಜೋತಾಡುತ್ತೆ, ಹಾಗಾಗಿ ಕಣ್ಣು, ಕೆನ್ನೆ ನೋಡಿ. ಕುರಿ ಚೆನ್ನಾಗಿರುವಾಗಲೇ ಮೊಬೈಲಲ್ಲಿ ಮುಖದ ಫೋಟೋ ತೆಗೆದಿಟ್ಟುಕೊಳ್ಳಿ. ಅನುಮಾನ ಬಂದ ದಿನ ಹೋಲಿಸಿ ನೋಡಬಹುದು.

ಮಳೆಗಾಲದಲ್ಲಿ ಗೊರಸು ಕೊಳೆತರೆ ಬರೆ ಹಾಕೋದು, ರಕ್ತ ಬರುವವರೆಗೆ ಗೊರಸು ಕೆತ್ತೋದು ಬೇಡ. ಅದು ನೋವಿನ ಮೇಲೆ ನೋವು. ಗಾಯ ಮಾಯೋದೂ ತಡವಾಗುತ್ತೆ. ಒಣ ಜಾಗದಲ್ಲಿ ಕಟ್ಟಿ, 1962ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ. ಸೋಂಕಿಗೆ ಔಷಧಿ ಕೊಡುವಾಗ, "ಡಾಕ್ಟ್ರೇ, ನೋವಿಗೂ ಏನಾದ್ರೂ ಕೊಡಿ" ಅಂತ ಬಾಯಿಬಿಟ್ಟು ಕೇಳಿ. ಮೆಲಾಕ್ಸಿಕಾಮ್‌ನಂಥ ಔಷಧಿ ಇದೆ. ಟಗರು ಮರಿಗೆ ಬೀಜ ಒಡೆಸುವಾಗಲೂ ಇದನ್ನೇ ಕೇಳಿ, ಮರಿ ಚಿಕ್ಕದಿರುವಾಗಲೇ ಮಾಡಿಸಿ.

ಮೆಡಿಕಲ್ ಸ್ಟೋರಿಂದ ಮನುಷ್ಯರ ನೋವಿನ ಇಂಜೆಕ್ಷನ್ ತಂದು ನೀವೇ ಚುಚ್ಚಬೇಡಿ. ರಣಹದ್ದುಗಳು ಸಾಯುತ್ತವೆ ಅಂತ ಜಾನುವಾರಿಗೆ ಡೈಕ್ಲೋಫೆನಾಕ್ ಕೊಡೋದನ್ನು ದೇಶದಲ್ಲಿ 2006ರಲ್ಲೇ ನಿಲ್ಲಿಸಿದ್ದಾರೆ. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ನಿಷೇಧವಾದವು. ಯಾವ ಔಷಧಿ ಕೊಟ್ಟರೂ ಎಷ್ಟು ದಿನ ಕಳೆದು ಮಾಂಸಕ್ಕೆ ಮಾರಬಹುದು ಅಂತ ಡಾಕ್ಟರನ್ನೇ ಕೇಳಿ. ಹೊಸತೊಡಕು, ಬಕ್ರೀದ್ ಹತ್ತಿರ ಬಂದಾಗಂತೂ ಮರೆಯಬೇಡಿ.

"ಒಂದು ಕುರಿಗೆ ಇಷ್ಟೆಲ್ಲಾ ಖರ್ಚಾ?" ಅಂತ ಮನೆಯ ಹಿರಿಯರು ಕೇಳಬಹುದು. ನೋವಿರುವ ಕುರಿ ಮಂದೆಯ ಜೊತೆ ನಡೆಯಲಾರದು, ಮೇಯಲಾರದು. ತೂಕ ಇಳಿಯುತ್ತೆ, ಹಾಲು ಕಮ್ಮಿಯಾಗಿ ಮರಿ ಸೊರಗುತ್ತೆ. ಆ ನಷ್ಟ ಯಾರೂ ಲೆಕ್ಕದ ಪುಸ್ತಕದಲ್ಲಿ ಬರೆಯಲ್ಲ, ಆದರೆ ಸಂತೆಯಲ್ಲಿ ತಕ್ಕಡಿ ತೋರಿಸುತ್ತೆ. ಲಾಭದ ಮಾತು ಬಿಡಿ. ನಮ್ಮನ್ನು ಸಾಕುವ ಜೀವ ಅದು. ಕೂಗಲ್ಲ ಅಂತ ಅದರ ನೋವನ್ನು ನಾವು ಲೆಕ್ಕಕ್ಕೇ ಇಡದಿರುವುದು ನ್ಯಾಯವಲ್ಲ.